ನಿಧಿ ಬೇಟೆ: ಬೇಸರ ಎಲ್ಲಿಂದ?

ಪ್ರಶ್ನೆ: ‘ಫೈನಲ್ ಫ್ಯಾಂಟಸಿ 14’ ಆನ್‌ಲೈನ್ ಆಟದಲ್ಲಿ ನಿಧಿಯ ನಕ್ಷೆಗಾಗಿ ಗಂಟೆಗಟ್ಟಲೆ ಬಂಡೆ ಒಡೆದರೂ ಬರೀ ಅದಿರು ಸಿಗುತ್ತದೆ. ಎಲ್ಲರಿಗೂ ಹೀಗೇ ಬೇಸರವಾಗುತ್ತದೆಯೇ?

ಉತ್ತರ: ಹಾಗೆ ಒಡೆದರೆ ಯಾರಿಗಾದರೂ ಬೇಸರವೇ! ಒಂದು ನಕ್ಷೆ ಕಿತ್ತ ಮೇಲೆ ನಿಜವಾದ 18 ಗಂಟೆ ಕಳೆಯುವವರೆಗೆ ಇನ್ನೊಂದು ಕಾಣಿಸುವುದಿಲ್ಲ. ಆಟದ ಟೈಮರ್ಸ್ ಪಟ್ಟಿಯಲ್ಲಿ ಗಡುವು ನೋಡಿಕೊಂಡೇ ಗುದ್ದಲಿ ಹಿಡಿಯಿರಿ. ಆಗ ಕೆಲವೇ ನಿಮಿಷಗಳ ಕೆಲಸ. ಗಡುವು ಮುಗಿದರೂ ಸಿಗದಿದ್ದರೆ ಚೀಲ ತಡಕಿ. ಅದೇ ಬಗೆಯ ನಕ್ಷೆ ಒಂದಿದ್ದರೆ ಎರಡನೆಯದು ಕೈಗೆ ಬರದು. ಹಳೆಯದನ್ನು ರಿಟೇನರ್ (ಆಟದಲ್ಲಿ ನಿಮ್ಮ ಸಾಮಾನು ಕಾಯುವ ಸಹಾಯಕ) ಬಳಿ ಇಡಿ, ಇಲ್ಲವೇ ಮಾರಿಬಿಡಿ.

ನಕ್ಷೆ ತೋರಿಸಿದಲ್ಲಿ ನಿಧಿ ಅಗೆಯುವುದಂತೂ ಒಬ್ಬರೇ ಮಾಡಿದರೆ ಸಪ್ಪೆ. ಎಂಟು ಮಂದಿ ತಲಾ ಒಂದು ನಕ್ಷೆ ತಂದರೆ ಒಂದೇ ಕೂಟದಲ್ಲಿ ಎಂಟು ಪೆಟ್ಟಿಗೆ. ಡ್ರ್ಯಾಗನ್‌ಸ್ಕಿನ್ ಎಂಬ ಬಗೆಯ ನಕ್ಷೆಯ ಪೆಟ್ಟಿಗೆ ತೆರೆದಾಗ ಕೆಲವೊಮ್ಮೆ ಅಕ್ವಾಪೊಲಿಸ್ ಎಂಬ ನಿಧಿ ತಾಣಕ್ಕೆ ದಾರಿ ತೆರೆಯುತ್ತದೆ. ಅಲ್ಲಿ ಏಳು ಕೋಣೆ. ಮುಂದಿನ ಕೋಣೆಗೆ ಹೋಗಲು ಪ್ರತಿ ಸಲವೂ ಎರಡು ಬಾಗಿಲಲ್ಲಿ ಒಂದನ್ನು ಆರಿಸಬೇಕು, ತಪ್ಪಿದರೆ ಎಲ್ಲರೂ ಹೊರಗೆ. ಆರು ಬಾಗಿಲೂ ಸರಿಯಾಗುವ ಸಂಭವ 64ರಲ್ಲಿ 1. ಹಾಗಾಗಿ ಕೊನೆಯ ಕೋಣೆಯ ಲೆಕ್ಕ ಹಾಕಿ ಹೊರಡಬೇಡಿ. ಕಾಸೇ ಮುಖ್ಯ ಎನ್ನುವವರು ನಕ್ಷೆಯ ಗುಟ್ಟು ಬಿಡಿಸದೆ ಹಾಗೇ ಮಾರುಕಟ್ಟೆಗೆ ಹಾಕುವುದೇ ಜಾಣತನ. ಬಿಡಿಸಿದ ಮೇಲೆ ಅದನ್ನು ಮಾರಲಾಗದು.