ಡಿಲೀಟ್ ಆಯಿತು, ಫೈಲ್ ಯಾಕೆ ಖಾಲಿ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಸಿ++ನಲ್ಲಿ ಬೇಸ್ ಕ್ಲಾಸಿನ ಡಿಸ್ಟ್ರಕ್ಟರ್ (ಆಬ್ಜೆಕ್ಟ್ ನಾಶವಾಗುವಾಗ ಓಡುವ ಫಂಕ್ಷನ್) ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಆದರೂ ದಾವಣಗೆರೆ, ಹರಿಹರ, ಚಳ್ಳಕೆರೆ ಕಡೆಯಿಂದ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪ್ರಶ್ನೆಗೆ ಬೇಜಾರಿಲ್ಲ. ಅದರ ಜೊತೆ ಬರುವ, ಯಾರೋ ಹೇಳಿಕೊಟ್ಟ ಅರೆಬರೆ ಮದ್ದು ನೋಡಿದರೆ ಸಿಟ್ಟು ಬರುತ್ತದೆ. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. ಅದು ನಿಮ್ಮ ಪಠ್ಯದಲ್ಲೇ ಇದೆ.

ಪ್ರಶ್ನೆ: ಮೇಡಂ, ದಾವಣಗೆರೆ ಎಪಿಎಂಸಿಯಲ್ಲಿ ನಮ್ಮ ಸೋದರಮಾವನ ಮೆಕ್ಕೆಜೋಳದ ಮಂಡಿ ಇದೆ. ಅದರ ಲೆಕ್ಕಕ್ಕೆ ಸಿ++ನಲ್ಲಿ ಪ್ರೋಗ್ರಾಂ ಮಾಡಿದ್ದೇನೆ. 'ರೈಟರ್' ಅನ್ನುವ ಬೇಸ್ ಕ್ಲಾಸ್, ಅದರಿಂದ 'ಫೈಲ್ ರೈಟರ್'. ಎರರ್ ಏನೂ ಬರುವುದಿಲ್ಲ. ಆದರೆ ದಿನದ ಕೊನೆಯ ಕೆಲವು ಚೀಟಿಗಳು ಫೈಲಿನಲ್ಲಿ ಇರುವುದೇ ಇಲ್ಲ. ವ್ಯಾಪಾರ ಕಡಿಮೆಯಾದ ದಿನ ಫೈಲ್ ಪೂರ್ತಿ ಖಾಲಿ. ಹಾರ್ಡ್ ಡಿಸ್ಕ್ ಹಾಳಾಗಿದೆಯಾ? ಪ್ರತಿ ಸಾಲಿಗೂ ಎಂಡ್‌ಎಲ್ (ಸಾಲು ಮುಗಿಸಿ ಆಗಲೇ ಫೈಲಿಗೆ ಬರೆಸುವುದು) ಹಾಕು ಅಂತ ಒಬ್ಬರು, ಡಿಸ್ಟ್ರಕ್ಟರನ್ನು ನೀನೇ ಕರೆ ಅಂತ ಇನ್ನೊಬ್ಬರು ಹೇಳಿದರು. ಯಾವುದು ಸರಿ?

ಉತ್ತರ: ಎರಡೂ ತಪ್ಪು. ಹಾರ್ಡ್ ಡಿಸ್ಕ್ ಚೆನ್ನಾಗಿದೆ, ಅದಕ್ಕೆ ದುಡ್ಡು ಹಾಕಬೇಡಿ.

ನೀವು ಕಳುಹಿಸಿದ ಕೋಡ್ ನೋಡಿದೆ. ಫೈಲ್ ರೈಟರ್ ಆಬ್ಜೆಕ್ಟನ್ನು ನ್ಯೂ ಮಾಡಿ, ರೈಟರ್ ಪಾಯಿಂಟರಿನಲ್ಲಿ ಇಟ್ಟುಕೊಂಡಿದ್ದೀರಿ. ಕೊನೆಗೆ ಆ ಪಾಯಿಂಟರನ್ನೇ ಡಿಲೀಟ್ ಮಾಡಿದ್ದೀರಿ. ರೈಟರ್ ಕ್ಲಾಸಿನ ಡಿಸ್ಟ್ರಕ್ಟರ್ ವರ್ಚುವಲ್ (ಪಾಯಿಂಟರಿನ ಟೈಪ್ ಏನೇ ಇರಲಿ, ನಿಜವಾದ ಆಬ್ಜೆಕ್ಟಿನದೇ ಓಡುವಂಥದ್ದು) ಅಲ್ಲ. ಹಾಗಾಗಿ ಕಂಪೈಲರ್ ಪಾಯಿಂಟರಿನ ಟೈಪ್ ನೋಡಿ ರೈಟರಿನ ಡಿಸ್ಟ್ರಕ್ಟರನ್ನಷ್ಟೇ ಕರೆಯಿತು. ಫೈಲ್ ರೈಟರಿನ ಡಿಸ್ಟ್ರಕ್ಟರ್ ಓಡಲೇ ಇಲ್ಲ. ಅದರೊಳಗಿನ ಆಫ್‌ಸ್ಟ್ರೀಮ್ (ಫೈಲಿಗೆ ಬರೆಯುವ ಸಿ++ ಕ್ಲಾಸ್) ಮೆಂಬರಿನದೂ ಓಡಲಿಲ್ಲ.

ಆಫ್‌ಸ್ಟ್ರೀಮ್ ಪ್ರತಿ ಸಾಲನ್ನೂ ಆಗಿಂದಾಗಲೇ ಡಿಸ್ಕಿಗೆ ಬರೆಯುವುದಿಲ್ಲ. ಸಾವಿರಾರು ಬೈಟ್ ತುಂಬುವವರೆಗೆ ಬಫರಿನಲ್ಲಿ ಇಟ್ಟುಕೊಂಡು, ಆಮೇಲೆ ಒಟ್ಟಿಗೆ ಬರೆಯುತ್ತದೆ. ಉಳಿದ ಚೂರುಪಾರನ್ನು ಬರೆದು ಫೈಲ್ ಮುಚ್ಚುವುದು ಅದರ ಡಿಸ್ಟ್ರಕ್ಟರಿನ ಕೆಲಸ. ಆ ಡಿಸ್ಟ್ರಕ್ಟರೇ ಓಡದಿದ್ದರೆ ಬಫರಿನಲ್ಲಿ ಉಳಿದಿದ್ದು ಹೋಯಿತು. ನಿಮ್ಮ ಕೊನೆಯ ಚೀಟಿಗಳು ಇದ್ದಿದ್ದು ಅಲ್ಲೇ. ವ್ಯಾಪಾರ ಕಡಿಮೆಯಾದ ದಿನ ಬಫರ್ ಒಮ್ಮೆಯೂ ತುಂಬಲಿಲ್ಲ, ಫೈಲ್ ಖಾಲಿ ಉಳಿಯಿತು.

ಇದು ನಿಮ್ಮ ಕಂಪ್ಯೂಟರಿನಲ್ಲಿ ಆಗುತ್ತಿರುವ ಕಥೆ. ಇನ್ನೊಂದು ಕಡೆ ಹೀಗೇ ಆಗಬೇಕೆಂದಿಲ್ಲ. ಭಾಷೆಯ ಸ್ಟ್ಯಾಂಡರ್ಡ್ ಪ್ರಕಾರ ಇದು ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನಾಗುತ್ತದೆ ಅನ್ನುವುದಕ್ಕೆ ನಿಯಮವೇ ಇಲ್ಲ. ಇವತ್ತು ನಾಲ್ಕು ಚೀಟಿ ಹೋಗುತ್ತವೆ, ನಾಳೆ ಪ್ರೋಗ್ರಾಮೇ ಬಿದ್ದುಹೋಗಬಹುದು.

ಮಾಡಬೇಕಾದ್ದು ಒಂದೇ ಸಾಲು. ರೈಟರ್ ಕ್ಲಾಸಿನಲ್ಲಿ ಡಿಸ್ಟ್ರಕ್ಟರನ್ನು ವರ್ಚುವಲ್ ಅಂತ ಬರೆದು, ಮುಂದೆ 'ಈಕ್ವಲ್ಸ್ ಡಿಫಾಲ್ಟ್' (= default, ಉಳಿದಿದ್ದನ್ನು ಕಂಪೈಲರೇ ಬರೆಯಲಿ ಅಂತ) ಹಾಕಿ. ಈಗ ಡಿಲೀಟ್ ಮಾಡಿದರೆ ಮೊದಲು ಫೈಲ್ ರೈಟರಿನ ಡಿಸ್ಟ್ರಕ್ಟರ್, ಆಮೇಲೆ ಅದರ ಮೆಂಬರುಗಳು, ಕೊನೆಗೆ ರೈಟರಿನದು ಓಡುತ್ತದೆ. ಕಟ್ಟುವಾಗ ಇದಕ್ಕೆ ಪೂರ್ತಿ ಉಲ್ಟಾ: ಮೊದಲು ಬೇಸ್, ಆಮೇಲೆ ಮೆಂಬರುಗಳು, ಕೊನೆಗೆ ಮಗು ಕ್ಲಾಸಿನ (ಇಲ್ಲಿ ಫೈಲ್ ರೈಟರ್) ಕನ್‌ಸ್ಟ್ರಕ್ಟರ್ ಬಾಡಿ. ಶಾಮಿಯಾನ ಹಾಕುವವರು ಮೊದಲು ಕಂಬ ನೆಟ್ಟು ಆಮೇಲೆ ಬಟ್ಟೆ ಕಟ್ಟುತ್ತಾರೆ, ಬಿಚ್ಚುವಾಗ ಮೊದಲು ಬಟ್ಟೆ, ಅಲ್ವಾ? ಇಲ್ಲೂ ಅದೇ. ಬೇಸಿನ ಡಿಸ್ಟ್ರಕ್ಟರನ್ನು ನೀವು ಕರೆಯಬೇಕಿಲ್ಲ, ಸಿ++ ತಾನೇ ಕರೆಯುತ್ತದೆ. ಡೆಲ್ಫೈ ಭಾಷೆಯಲ್ಲಾದರೆ ಡಿಸ್ಟ್ರಾಯ್ ಅನ್ನುವ ಡಿಸ್ಟ್ರಕ್ಟರ್ ಒಳಗೆ 'ಇನ್‌ಹೆರಿಟೆಡ್' ಅಂತ ನೀವೇ ಬರೆಯಬೇಕು.

ಈಗ ಆ ಮದ್ದುಗಳ ವಿಷಯ. ಎಂಡ್‌ಎಲ್ ಹಾಕಿದರೆ ಪ್ರತಿ ಸಾಲಿಗೂ ಬಫರ್ ಖಾಲಿಯಾಗುತ್ತದೆ. ಚೀಟಿ ಫೈಲಿನಲ್ಲಿ ಕಾಣಿಸುತ್ತದೆ, ಸರಿಹೋಯಿತು ಅಂತ ಅನಿಸುತ್ತದೆ. ಆದರೆ ಫೈಲ್ ಮುಚ್ಚಿರುವುದಿಲ್ಲ, ಮಗು ಕ್ಲಾಸಿನಲ್ಲಿರುವ ಸ್ಟ್ರಿಂಗ್, ವೆಕ್ಟರ್‌ಗಳ ಮೆಮೊರಿ ಸೋರುತ್ತಲೇ ಇರುತ್ತದೆ. ರೋಗ ಒಳಗೇ ಉಳಿಯಿತು, ಲಕ್ಷಣ ಮಾತ್ರ ಮುಚ್ಚಿಹೋಯಿತು. ಡಿಸ್ಟ್ರಕ್ಟರನ್ನು ಕೈಯಾರೆ ಕರೆದು ಮತ್ತೆ ಡಿಲೀಟ್ ಮಾಡುವುದು ಇದಕ್ಕಿಂತ ಕೆಟ್ಟದ್ದು. ಒಂದೇ ಆಬ್ಜೆಕ್ಟ್ ಎರಡು ಸಲ ನಾಶವಾಗುತ್ತದೆ. ಇದನ್ನು ಹೇಳಿಕೊಟ್ಟವರ ಹತ್ತಿರ ಇನ್ನೊಂದು ಸಲ ಕೇಳಲು ಹೋಗಬೇಡಿ.

ಯುನೀಕ್ ಪಾಯಿಂಟರ್ (ತಾನಾಗಿ ಡಿಲೀಟ್ ಮಾಡುವ ಪಾಯಿಂಟರ್) ಹಾಕಿದರೆ ಸಾಕು ಅನ್ನುವವರೂ ಇದ್ದಾರೆ. ಸಾಲದು. ರೈಟರ್ ಟೈಪಿನ ಯುನೀಕ್ ಪಾಯಿಂಟರ್ ಮಾಡುವುದೂ ಅದೇ ಡಿಲೀಟ್. ಮೇಕ್ ಶೇರ್ಡ್‌ನಿಂದ ಫೈಲ್ ರೈಟರ್ ಮಾಡಿದರೆ ಬೇರೆ ಮಾತು, ಶೇರ್ಡ್ ಪಾಯಿಂಟರ್ ನಿಜವಾದ ಟೈಪನ್ನು ನೆನಪಿಟ್ಟುಕೊಂಡು ಸರಿಯಾಗಿ ನಾಶ ಮಾಡುತ್ತದೆ. ಅದನ್ನು ಒಮ್ಮೆ ಓಡಿಸಿ ನೋಡಿ 'ವರ್ಚುವಲ್ ಬೇಕಾಗಿಲ್ಲ' ಅಂತ ಊರಿಗೆಲ್ಲಾ ಹೇಳುವವರಿಂದ ತುಂಬಾ ಹಾಳಾಗಿದೆ.

ಹಾಗಂತ ಎಲ್ಲ ಕ್ಲಾಸಿಗೂ ಸುಮ್ನೆ ವರ್ಚುವಲ್ ಡಿಸ್ಟ್ರಕ್ಟರ್ ಅಂಟಿಸಬೇಡಿ. ವರ್ಚುವಲ್ ಏನೂ ಇಲ್ಲದ ಕ್ಲಾಸಿಗೆ ಅದನ್ನು ಸೇರಿಸಿದರೆ, 64 ಬಿಟ್ ಮಶೀನಿನಲ್ಲಿ ಸಾಮಾನ್ಯವಾಗಿ ಪ್ರತಿ ಆಬ್ಜೆಕ್ಟಿಗೂ 8 ಬೈಟಿನ ಒಂದು ಪಾಯಿಂಟರ್ ಸೇರುತ್ತದೆ. ಡಿಸ್ಟ್ರಕ್ಟರ್ ಬರೆದ ಕ್ಲಾಸಿಗೆ ಮೂವ್ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟಿನ ಒಳಗಿದ್ದುದನ್ನು ಕಾಪಿ ಮಾಡದೆ ಇನ್ನೊಂದಕ್ಕೆ ಸಾಗಿಸುವುದು) ತಾನಾಗಿ ಹುಟ್ಟುವುದೂ ಇಲ್ಲ. ನನ್ನ ನಿಯಮ ಸರಳ. ಬೇಸ್ ಪಾಯಿಂಟರಿನಿಂದ ಡಿಲೀಟ್ ಮಾಡುವುದಿದ್ದರೆ ಡಿಸ್ಟ್ರಕ್ಟರ್ ಪಬ್ಲಿಕ್, ವರ್ಚುವಲ್. ಮಾಡುವುದಿಲ್ಲವಾದರೆ ಪ್ರೊಟೆಕ್ಟೆಡ್, ವರ್ಚುವಲ್ ಬೇಡ. ಆಗ ಯಾರಾದರೂ ಮರೆತು ಹೊರಗಿನಿಂದ ಡಿಲೀಟ್ ಬರೆದರೆ ಕಂಪೈಲರೇ ಬಿಡುವುದಿಲ್ಲ. ಸಿ++ ಕೋರ್ ಗೈಡ್‌ಲೈನ್ಸ್‌ನಲ್ಲೂ ಇದೇ ಮಾತಿದೆ. ಬೇಸ್ ಕ್ಲಾಸ್ ಬರೆಯುವ ದಿನವೇ ಇದನ್ನು ತೀರ್ಮಾನ ಮಾಡಿ. ಅದರಿಂದ ಹತ್ತು ಮಗು ಕ್ಲಾಸುಗಳು ಹುಟ್ಟಿದ ಮೇಲೆ ಅಲ್ಲ.

ನಿಮ್ಮ ಕಂಪೈಲ್ ಕಮಾಂಡಿನಲ್ಲಿ 'ವಾಲ್' (-Wall, ವಾರ್ನಿಂಗ್ ತೋರಿಸುವ) ಆಯ್ಕೆಯೇ ಇಲ್ಲ. ಅದಿದ್ದಿದ್ದರೆ, ವರ್ಚುವಲ್ ಫಂಕ್ಷನ್ ಇರುವ ಕ್ಲಾಸಿನ ಡಿಸ್ಟ್ರಕ್ಟರ್ ವರ್ಚುವಲ್ ಅಲ್ಲ, ಡಿಲೀಟ್ ಮಾಡಿದರೆ ತೊಂದರೆ ಅಂತ ಜಿಸಿಸಿ ಕಂಪೈಲರ್ ಮೊದಲ ದಿನವೇ ಎಚ್ಚರಿಸುತ್ತಿತ್ತು. ವಾರ್ನಿಂಗ್ ಆಫ್ ಮಾಡಿಕೊಂಡು ಕೆಲಸ ಮಾಡುವ ಅಭ್ಯಾಸ ನನಗೆ ಅರ್ಥವೇ ಆಗುವುದಿಲ್ಲ.

ಇನ್ನೊಂದು ಮಾತು. ಇದು ಕಾಲೇಜಿನ ಪ್ರಾಜೆಕ್ಟ್ ಅಲ್ಲ, ರೈತರಿಗೆ ಕೊಡಬೇಕಾದ ದುಡ್ಡಿನ ಲೆಕ್ಕ. ಡಿಸ್ಕ್ ತುಂಬಿ ಬರೆಯಲು ಆಗದಿದ್ದರೆ ಆಫ್‌ಸ್ಟ್ರೀಮಿನ ಡಿಸ್ಟ್ರಕ್ಟರ್ ನಿಮಗೆ ಹೇಳುವುದಿಲ್ಲ. ಡಿಸ್ಟ್ರಕ್ಟರಿನಿಂದ ಎಕ್ಸೆಪ್ಶನ್ ಎಸೆಯುವುದೂ ಸರಿಯಲ್ಲ. 2011ರ ಸ್ಟ್ಯಾಂಡರ್ಡಿನಿಂದ ಈಚೆಗೆ ಹಾಗೆ ಎಸೆದರೆ ಸಾಮಾನ್ಯವಾಗಿ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ. ಆದ್ದರಿಂದ 'ಕ್ಲೋಸ್' ಅಂತ ಬೇರೆ ಫಂಕ್ಷನ್ ಬರೆಯಿರಿ. ಅದರಲ್ಲಿ ಫೈಲ್ ಮುಚ್ಚಿ, ಸ್ಟ್ರೀಮ್ ಸರಿಯಿದೆಯಾ ಅಂತ ನೋಡಿ, ಇಲ್ಲದಿದ್ದರೆ ಸ್ಕ್ರೀನಿನ ಮೇಲೆ ಕೂಗಿ ಹೇಳಿ. ಅಲ್ಲಿಯವರೆಗೂ, ಅದಾದ ಮೇಲೂ ಸ್ವಲ್ಪ ದಿನ, ಮಾವನವರಿಗೆ ಪುಸ್ತಕದ ಲೆಕ್ಕ ಬಿಡಬೇಡಿ ಅಂತ ಹೇಳಿ.

ಪ್ರಶ್ನೆ: ಬೇಸ್ ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ ವರ್ಚುವಲ್ ಫಂಕ್ಷನ್ ಕರೆದರೆ ಮಗು ಕ್ಲಾಸಿನದು ಓಡುವುದಿಲ್ಲ. ಕಂಪೈಲರ್ ತಪ್ಪಾ? (ಚಳ್ಳಕೆರೆ)

ಉತ್ತರ: ಕಂಪೈಲರ್ ನಿಮ್ಮನ್ನು ಕಾಪಾಡಿದೆ. ಬೇಸ್ ಕಟ್ಟುತ್ತಿರುವಾಗ ಮಗುವಿನ ಭಾಗ ಇನ್ನೂ ಹುಟ್ಟಿಲ್ಲ, ಅದಕ್ಕೆ ಬೇಸಿನ ಫಂಕ್ಷನ್ ಓಡಿತು. ಜಾವಾದಲ್ಲಿ ಮಗುವಿನದೇ ಓಡುತ್ತದೆ, ಆದರೆ ಆಗ ಮಗುವಿನ ಫೀಲ್ಡುಗಳಲ್ಲಿ ಸಾಮಾನ್ಯವಾಗಿ ಇನ್ನೂ ಸೊನ್ನೆ ಅಥವಾ ನಲ್ ಇರುತ್ತದೆ. ಅಲ್ಲಿ ಹುಟ್ಟುವ ಬಗ್ ಹುಡುಕುವುದು ಇನ್ನೂ ಕಷ್ಟ. ಬೇಸಿಗೆ ಬೇಕಾದ ಮಾಹಿತಿಯನ್ನು ಕನ್‌ಸ್ಟ್ರಕ್ಟರಿಗೆ ಪ್ಯಾರಾಮೀಟರ್ ಆಗಿ ಕೊಡಿ.

ಪ್ರಶ್ನೆ: ಜಾವಾದಲ್ಲಿ ಗಾರ್ಬೇಜ್ ಕಲೆಕ್ಟರ್ ಇದೆಯಲ್ಲ, ಫೈಲ್ ಮುಚ್ಚುವ ಚಿಂತೆ ಯಾಕೆ? ಆಬ್ಜೆಕ್ಟನ್ನು ಅದು ತೆಗೆಯುವ ಮುಂಚೆ ಓಡುವ ಫೈನಲೈಜ್ ಸಾಕಲ್ವಾ? (ಹರಿಹರ)

ಉತ್ತರ: ಸಾಲದು. ಕಲೆಕ್ಟರ್ ನೋಡಿಕೊಳ್ಳುವುದು ಮೆಮೊರಿಯನ್ನು. ಫೈನಲೈಜ್ ಯಾವಾಗ ಓಡುತ್ತದೆ, ಓಡುತ್ತದೆಯೇ ಇಲ್ಲವೇ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. 2017ರ ಜಾವಾ 9ರಲ್ಲೇ ಅದನ್ನು ಡೆಪ್ರಿಕೇಟ್ ಮಾಡಿದ್ದಾರೆ, ಅಂದರೆ ಇನ್ನು ಬಳಸಬೇಡಿ ಅಂದಿದ್ದಾರೆ. ಬ್ಲಾಕ್ ಮುಗಿದ ಕೂಡಲೇ ಫೈಲನ್ನು ತಾನೇ ಮುಚ್ಚುವ ಟ್ರೈ ವಿತ್ ರಿಸೋರ್ಸಸ್ 2011ರಿಂದ ಇದೆ, ಅದನ್ನೇ ಬಳಸಿ. ಪೈಥಾನ್‌ನವರಿಗೆ 'ವಿತ್'.

ಪ್ರಶ್ನೆ: ಸಿ++ನಲ್ಲಿ ಕನ್‌ಸ್ಟ್ರಕ್ಟರನ್ನೂ ವರ್ಚುವಲ್ ಮಾಡಬಹುದಾ? (ಹೊಸದುರ್ಗ)

ಉತ್ತರ: ಆಗುವುದಿಲ್ಲ.

ಪ್ರಶ್ನೆ: ಕೋಚಿಂಗ್‌ನವರು ಕನ್‌ಸ್ಟ್ರಕ್ಟರ್, ಡಿಸ್ಟ್ರಕ್ಟರ್ ಪ್ರಶ್ನೋತ್ತರದ ಪಿಡಿಎಫ್ ಮಾರುತ್ತಿದ್ದಾರೆ. ಬಾಯಿಪಾಠ ಮಾಡಿದರೆ ಇಂಟರ್‌ವ್ಯೂ ಪಾಸ್ ಅಂತೆ. ಕೊಳ್ಳಲಾ? (ಚಿತ್ರದುರ್ಗ)

ಉತ್ತರ: ಬೇಡ. ಬೇಸ್, ಮಗು, ಮೆಂಬರ್ ಮೂರಕ್ಕೂ ಡಿಸ್ಟ್ರಕ್ಟರಿನಲ್ಲಿ ಒಂದೊಂದು ಸಾಲು ಪ್ರಿಂಟ್ ಹಾಕಿ ನೀವೇ ಓಡಿಸಿ ನೋಡಿ.

ಪ್ರಶ್ನೆ: ಟರ್ಬೊ ಸಿ++ನಲ್ಲಿ ಓವರ್‌ರೈಡ್, ಯುನೀಕ್ ಪಾಯಿಂಟರ್ ಎರಡೂ ಎರರ್ ಕೊಡುತ್ತವೆ. ಏನು ಮಾಡಲಿ? (ಜಗಳೂರು)

ಉತ್ತರ: ಟರ್ಬೊ ಸಿ++ ಬಂದಿದ್ದು 1990ರಲ್ಲಿ. ಭಾಷೆಗೆ ಮೊದಲ ಐಎಸ್‌ಒ ಸ್ಟ್ಯಾಂಡರ್ಡ್ ಬಂದಿದ್ದೇ 1998ರಲ್ಲಿ, ನೀವು ಕೇಳಿದ ಎರಡೂ 2011ರ ಸ್ಟ್ಯಾಂಡರ್ಡಿನವು. ಆ ನೀಲಿ ಸ್ಕ್ರೀನನ್ನು ಇವತ್ತೇ ತೆಗೆದುಹಾಕಿ, ಜಿಸಿಸಿ ಹಾಕಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.