‘ಓದದೇ ಕೇಳ್ತಾರ’ ಅನ್ನುವ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಇವರು ವಿಜಯಪುರದವರು. ವಯಸ್ಸು ಮೂವತ್ತರ ಆಸುಪಾಸು, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಹೆಂಡತಿ ಒತ್ತಾಯ ಮಾಡಿ ಕಳಿಸಿದ್ದರು. ನಿದ್ದೆ ಇಲ್ಲ, ಊಟಕ್ಕೆ ಕೂತರೂ ಕೈಯಲ್ಲಿ ಮೊಬೈಲ್, ಮಗು ಹತ್ತಿರ ಬಂದರೆ ಸಿಡುಕು.

ಕಾರಣ ಕೇಳಿದರೆ ಆಫೀಸಿನ ಕೆಲಸ ಅಲ್ಲವೇ ಅಲ್ಲ. ತಿಕೋಟಾ ಕಡೆ ಸಂಬಂಧಿಕರ ದ್ರಾಕ್ಷಿ ತೋಟದ ಪಂಪು ಓಡುತ್ತಿದೆಯೋ ಇಲ್ಲವೋ ಅಂತ ಮನೆಯಿಂದಲೇ ನೋಡಲು ಪೈಥಾನ್‌ನಲ್ಲಿ ಒಂದು ಪುಟ್ಟ ನೆಟ್‌ವರ್ಕಿಂಗ್ ಲೈಬ್ರರಿ (ಯಂತ್ರಗಳು ಪರಸ್ಪರ ಮಾತಾಡಲು ಬೇರೆಯವರೂ ತಮ್ಮ ಪ್ರೋಗ್ರಾಂನಲ್ಲಿ ಸೇರಿಸಿಕೊಳ್ಳಬಹುದಾದ ಕೋಡ್) ಬರೆದಿದ್ದರು. ಎಲ್ಲರಿಗೂ ಉಪಯೋಗವಾಗಲಿ ಅಂತ ಓಪನ್ ಸೋರ್ಸ್ ಮಾಡಿ, ಅಂದರೆ ಯಾರು ಬೇಕಾದರೂ ನೋಡಿ ಬಳಸುವ ಹಾಗೆ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಹಾಕಿದರು. ಎಲ್ಲೆಲ್ಲಿಯವರೋ ಬಳಸತೊಡಗಿದರು, ಪ್ರಶ್ನೆಗಳೂ ಶುರುವಾದವು. ಒಂದೇ ಪ್ರಶ್ನೆ ಮತ್ತೆ ಮತ್ತೆ. “ಮೇಡಂ, ಎಲ್ಲಾ ಕೋಡಿನಾಗ ಐತಿ. ಓದಂಗಿಲ್ಲ, ಬರೇ ಕೇಳ್ತಾರ” ಅಂದರು. ನಡುರಾತ್ರಿ ಎದ್ದು ಉತ್ತರ ಬರೆಯುತ್ತಿದ್ದರು. ಎಲ್ಲಾ ಅಳಿಸಿಹಾಕಿಬಿಡೋಣ ಅನ್ನುವವರೆಗೂ ಹೋಗಿದ್ದರು.

ಸಿಟ್ಟಿನ ಕೆಳಗೆ ಇನ್ನೊಂದು ಇತ್ತು. ಪ್ರತಿ ಪ್ರಶ್ನೆಯೂ ಅವರಿಗೆ “ನಿನ್ನ ಕೆಲಸ ಸರಿಯಿಲ್ಲ” ಅಂತ ಕೇಳಿಸುತ್ತಿತ್ತು. ದುಡ್ಡು ಬರದ ಕೆಲಸ, ಮನೆಯಲ್ಲಿ ಯಾರಿಗೂ ಅರ್ಥವಾಗದ ಕೆಲಸ, ಹಾಗಾಗಿ ಯಾರ ಹತ್ತಿರ ಹೇಳಿಕೊಳ್ಳಬೇಕು? ಬದುಕು ಬೇಡ ಅನ್ನುವಂಥ ಯೋಚನೆ ಬರುತ್ತದೆಯಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಇದ್ದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.

ರಾತ್ರಿ ನೋಟಿಫಿಕೇಶನ್ ಬಂದ್, ಉತ್ತರಕ್ಕೆ ಶನಿವಾರ ಬೆಳಿಗ್ಗೆ ಮಾತ್ರ. ಮೊದಲು ಹೇಳಿದ್ದು ಇಷ್ಟೇ. ನಿದ್ದೆ ಸ್ವಲ್ಪ ಸುಧಾರಿಸಿತು. ಆದರೆ ಪ್ರಶ್ನೆಗಳು ಗುಡ್ಡೆ ಬಿದ್ದು ಶನಿವಾರವೇ ಭಯವಾಗತೊಡಗಿತು. ಹಾಗಾಗಿ ಪ್ರಶ್ನೆಗಳನ್ನೇ ಪ್ರಿಂಟ್ ತೆಗೆದು ತನ್ನಿ ಅಂದೆ. ನನಗೆ ನೆಟ್‌ವರ್ಕಿಂಗ್ ಗೊತ್ತಿಲ್ಲ, ಒಂದೊಂದನ್ನೂ ನನಗೆ ತಿಳಿಯುವ ಹಾಗೆ ಹೇಳಿ ಅಂತ ಕೂರಿಸಿದೆ.

ಅಲ್ಲಿಂದ ಕೆಲಸ ಹಿಡಿಯಿತು. ಅಷ್ಟೂ ಪ್ರಶ್ನೆಗಳು ಬೆರಳೆಣಿಕೆಯ ವಿಷಯಗಳ ಸುತ್ತ ಇದ್ದವು. “ಎರಡು ಸಂದೇಶ ಕಳಿಸಿದೆ, ಆ ಕಡೆ ಒಂದೇ ಆಗಿ ಬಂತು, ಇನ್ನೊಮ್ಮೆ ಅರ್ಧ ಮಾತ್ರ ಬಂತು, ಬಗ್ ಇದೆ” ಅನ್ನುವುದು ಎಲ್ಲಕ್ಕಿಂತ ಜಾಸ್ತಿ. ಅದಕ್ಕೆ ಅವರು ಕೊಟ್ಟ ವಿವರಣೆ ನನಗೆ ಈಗಲೂ ನೆನಪಿದೆ: ಟಿಸಿಪಿ (ಯಂತ್ರದಿಂದ ಯಂತ್ರಕ್ಕೆ ಮಾಹಿತಿ ಸಾಗಿಸುವ ವಿಧಾನ) ಅಂದರೆ ಕಾಲುವೆ ಇದ್ದ ಹಾಗೆ, ಈ ತುದಿಯಲ್ಲಿ ಎರಡು ಕೊಡ ನೀರು ಸುರಿದರೆ ಆ ತುದಿಯಲ್ಲಿ ನೀರು ಪೂರ್ತಿ ಬರುತ್ತದೆ, ಆದರೆ ಯಾವುದು ಯಾವ ಕೊಡದ್ದು ಅಂತ ಗೊತ್ತಾಗಲ್ಲ, ಸಂದೇಶದ ಮುಂದೆ ಅದರ ಉದ್ದ ಬರೆದು ಕಳಿಸುವುದು ನಮ್ಮದೇ ಜವಾಬ್ದಾರಿ. ಇಷ್ಟು ಚೆನ್ನಾಗಿ ಹೇಳಿದಿರಲ್ಲ, ಇದು ಎಲ್ಲಿ ಬರೆದಿದೆ ಅಂದೆ. ಸುಮ್ಮನಾದರು. ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ಪ್ರಶ್ನೆ, ಪ್ರೋಗ್ರಾಂ ಮುಂದೆ ಹೋಗದೆ ಹಾಗೇ ನಿಂತುಬಿಡುತ್ತದೆ ಅಂತ. ಪೈಥಾನ್ ಸಾಕೆಟ್‌ಗೆ (ಸಂಪರ್ಕದ ತುದಿಗೆ) ಟೈಮ್‌ಔಟ್, ಅಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ, ನಾವು ಹೇಳದಿದ್ದರೆ ಇರುವುದೇ ಇಲ್ಲ, ಆ ಕಡೆಯವರು ಉತ್ತರ ಕೊಡದಿದ್ದರೆ ಕಾಯುತ್ತಲೇ ಇರುತ್ತದೆ. ಇವರ ಲೈಬ್ರರಿಯಲ್ಲಿ ಟೈಮ್‌ಔಟ್ ಕೊಡಲು ದಾರಿ ಇತ್ತು, ಆದರೆ ಇದೆ ಅಂತ ಇವರೊಬ್ಬರಿಗೇ ಗೊತ್ತು! ಮತ್ತೊಂದು, ಸರ್ವರ್ (ಕೇಳಿದ್ದಕ್ಕೆ ಉತ್ತರ ಕೊಡುವ ಪ್ರೋಗ್ರಾಂ) 127.0.0.1ರಲ್ಲಿ, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ಅಡ್ರೆಸ್‌ನಲ್ಲಿ, ಕೂತಿದ್ದರೆ ಬೇರೆ ಯಂತ್ರದಿಂದ ಮುಟ್ಟಲಾಗದು ಅನ್ನುವುದು. ಉದಾಹರಣೆ ಕೋಡ್‌ನಲ್ಲಂತೂ ಆ ದ್ರಾಕ್ಷಿ ತೋಟದ ಯಂತ್ರದ ಅಡ್ರೆಸ್ಸನ್ನೇ ಬಿಟ್ಟಿದ್ದರು, ಜನ ಅದನ್ನೇ ಕಾಪಿ ಮಾಡಿ ಕನೆಕ್ಟ್ ಆಗ್ತಿಲ್ಲ ಅಂತ ಬರೆಯುತ್ತಿದ್ದರು.

ಗಿಟ್‌ಹಬ್ 2017ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಅಪೂರ್ಣ ಅಥವಾ ಹಳತಾದ ಡಾಕ್ಯುಮೆಂಟೇಶನ್ (ಹೇಗೆ ಬಳಸಬೇಕು ಅಂತ ತಿಳಿಸುವ ಬರಹ) ಕಂಡಿದ್ದೇವೆ ಅಂದವರು 93%. ಆ ಅಂಕಿ ತೋರಿಸಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಕೇಳುವವರು ಸೋಮಾರಿಗಳೂ ಅಲ್ಲ, ಇವರು ಕೆಟ್ಟ ಕೋಡರ್ರೂ ಅಲ್ಲ, ನಡುವೆ ಒಂದು ಪುಟ ಇಲ್ಲ, ಅಷ್ಟೇ. ಸಿಟ್ಟು ಬಂದಾಗ ಈ ಮಾತನ್ನು ಜೋರಾಗಿ ಹೇಳಿಕೊಳ್ಳಿ ಅಂದೆ.

ಆಮೇಲೆ ಕೊಟ್ಟ ಸಲಹೆ ಇದು. ಪೂರ್ತಿ ಡಾಕ್ಯುಮೆಂಟ್ ಬರೆಯಲು ಕೂರಬೇಡಿ, ಕೂತರೆ ಏಳುವುದಿಲ್ಲ. ಯಾವ ಪ್ರಶ್ನೆ ಎರಡನೇ ಸಲ ಬರುತ್ತದೋ ಅದಕ್ಕೆ ಉತ್ತರವನ್ನು ಪ್ರಶ್ನೆಯ ಕೆಳಗೆ ಬರೆಯದೆ ಡಾಕ್ಯುಮೆಂಟ್‌ನಲ್ಲಿ ಬರೆದು, ಕೇಳಿದವರಿಗೆ ಆ ಕೊಂಡಿ ಕೊಡಿ. ಮೊದಲ ಉದಾಹರಣೆ ಕಾಪಿ ಮಾಡಿದ ತಕ್ಷಣ ಓಡಬೇಕು, ಸರ್ವರ್, ಅದನ್ನು ಕೇಳುವ ಕ್ಲೈಂಟ್ ಎರಡೂ ಓದುಗರ ಯಂತ್ರದಲ್ಲೇ ಇರಲಿ. ಸುಮ್ನೆ ತೋರಿಸಲು ಮಾತ್ರ ಅಡ್ರೆಸ್ ಬೇಕಾದರೆ 192.0.2ರಿಂದ ಶುರುವಾಗುವ ಸಾಲನ್ನು ದಾಖಲೆಗಳಿಗೆಂದೇ ಕಾದಿರಿಸಿದ್ದಾರೆ ಅಂತ ಅವರೇ ಹೇಳಿದರು. ಲೈಬ್ರರಿ ಏನು ಮಾಡುವುದಿಲ್ಲ ಅನ್ನುವುದನ್ನೂ ಮೊದಲ ಪುಟದಲ್ಲೇ ಬರೆಯಿರಿ ಅಂದೆ, ಇದಕ್ಕೆ ಬಹಳ ಹಿಂದೇಟು ಹಾಕಿದರು, ಸೋಲು ಒಪ್ಪಿಕೊಂಡಂತೆ ಅಂತ.

ಇಂಗ್ಲಿಷ್ ಬಗ್ಗೆಯೂ ಅಂಜಿಕೆ ಇತ್ತು. ತಪ್ಪು ಬರೆದರೆ ಜಗತ್ತೇ ನೋಡುತ್ತದಲ್ವಾ! ಸಣ್ಣ ವಾಕ್ಯ ಸಾಕು, ತಪ್ಪಿದ್ದರೆ ಓದಿದವರು ತಿದ್ದಿ ಕಳಿಸುತ್ತಾರೆ ಅಂದೆ. ಕೊನೆಗೆ, ಇಂಜಿನಿಯರಿಂಗ್ ಓದುವ ಸಂಬಂಧಿಕರ ಹುಡುಗನನ್ನು ಪಕ್ಕ ಕೂರಿಸಿ, ಬರೆದದ್ದನ್ನು ಕೊಟ್ಟು, ಬಾಯಿ ಬಿಡದೆ ನೋಡಿ ಅಂದೆ. ಹುಡುಗ ಇನ್‌ಸ್ಟಾಲ್ ಮಾಡುವ ಸಾಲಿನಲ್ಲೇ ಸಿಕ್ಕಿಬಿದ್ದನಂತೆ. ಸುಮ್ಮನಿರುವುದು ಬಹಳ ಕಷ್ಟವಾಯಿತು ಅಂದರು, ಆದರೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವತ್ತೇ ಆ ಸಾಲು ತಿದ್ದಿದರು.

ಪ್ರಶ್ನೆಗಳು ನಿಂತಿಲ್ಲ, ಕಡಿಮೆಯಾಗಿವೆ, ನಿದ್ದೆ ಬರುತ್ತಿದೆ. ಈಚೆಗೆ ಯಾರೋ ಟೈಮ್‌ಔಟ್ ಪುಟವನ್ನು ತಾವೇ ಚೆನ್ನಾಗಿ ಬರೆದು ಕಳಿಸಿದ್ದಾರೆ. ಅದನ್ನು ಸೇರಿಸಿಕೊಳ್ಳಲು ಇವರಿಗೆ ಮನಸ್ಸು ಬರುತ್ತಿಲ್ಲ. ಈಗ ನಾವು ಮಾತಾಡುತ್ತಿರುವುದು ಅದರ ಬಗ್ಗೆ.