ಕ್ರೈಸ್ತ ಸಭೆಯಲ್ಲಿ ಜನರ ಸಂಖ್ಯೆ ಹೆಚ್ಚದಿದ್ದರೆ ಸೇವೆ ಸೋತಂತೆಯೇ?

ಇಲ್ಲ. ಕಾರವಾರದ ನಿಮ್ಮ ಸಭೆಯಲ್ಲಿ ವರ್ಷಗಳಿಂದ ಅದೇ ನಲವತ್ತು ಜನ ಎಂದು ಬೇಸರಪಟ್ಟಿದ್ದೀರಿ. ಆ ನಲವತ್ತು ಜನರ ನಂಬಿಕೆ ಬೇರೂರುತ್ತಿದ್ದರೆ ಸೇವೆ ಚೆನ್ನಾಗಿಯೇ ನಡೆಯುತ್ತಿದೆ.

ಶಿಷ್ಯರನ್ನು ಬೆಳೆಸಲು ಸಮಯ ಬೇಕು, ಸಭಾಪಾಲಕರ ಸಮಯಕ್ಕೆ ಮಿತಿಯಿದೆ. ತಲೆ ಎಣಿಕೆಯೇ ಗುರಿಯಾದರೆ ಅದೆಲ್ಲ ವೇದಿಕೆ, ಮೈಕು, ಕರಪತ್ರಕ್ಕೆ ಹೋಗಿ ಮನೆಭೇಟಿ ನಿಲ್ಲುತ್ತದೆ. ಮೀನುಗಾರರ ಮನೆಗಳನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುವಾಗ ಯಾರ ಮನೆಯ ಅಕ್ಕಿ ಡಬ್ಬ ತಳ ಕಂಡಿದೆ, ಯಾರು ಮತ್ತೆ ಕುಡಿತಕ್ಕೆ ಬಿದ್ದಿದ್ದಾರೆ ಎಂಬುದು ಆ ಮನೆಯಲ್ಲಿ ಕೂತು ಗಂಜಿ ಉಂಡವರಿಗಷ್ಟೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಸೇವೆ ಶುರುವಾಗುವುದೇ ಅಲ್ಲಿ.

ಯೋಹಾನನ ಸುವಾರ್ತೆಯ 6ನೇ ಅಧ್ಯಾಯ ಓದಿ. ಸುಮಾರು 5,000 ಗಂಡಸರಿಗೆ ರೊಟ್ಟಿ ಕೊಟ್ಟ ಯೇಸುವಿನ ಮಾತು ಕಠಿಣವೆನಿಸಿ ಅನೇಕ ಶಿಷ್ಯರು ಬಿಟ್ಟುಹೋದರು. ಅವರನ್ನು ಉಳಿಸಿಕೊಳ್ಳಲು ಯೇಸು ಮಾತು ಸಡಿಲಿಸಲಿಲ್ಲ. ಹನ್ನೆರಡು ಮಂದಿಯತ್ತ ತಿರುಗಿ, ನೀವೂ ಹೋಗುತ್ತೀರಾ ಎಂದು ಕೇಳಿದರು.

ಹಾಗೆಂದು ಬಾಗಿಲು ಮುಚ್ಚಬೇಡಿ. ಹೊಸಬರು ಬರಲಿ, ಅವರನ್ನು ಹೆಸರು ಹಿಡಿದು ಕರೆಯಲು, ಜ್ವರ ಬಂದಾಗ ಹೋಗಿ ನೋಡಲು ಯಾರಿದ್ದಾರೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.